ಮುನ್ನೂರು ಕುರ್ಚಿ, ಮೂವತ್ತು ಜನ: ಆಷಾಢ ಶುಕ್ರವಾರದ ಬ್ಯಾಂಡ್ ರಾತ್ರಿಗೆ ಯಾರು ಯಾರು ಹೋಗಿದ್ರಿ?

ಕೆರೆ_ಏರಿ | ಶನಿವಾರ, ಬೆಳಗ್ಗೆ 9:20

ನಿನ್ನೆ ಸಂಜೆ ಮೈಸೂರಿನ ಸರಸ್ವತಿಪುರಂ ಕಡೆ ಒಂದು ಛತ್ರದ ಮಹಡಿ ಹಾಲ್‌ನಲ್ಲಿ ನಾಲ್ಕು ಲೋಕಲ್ ತಂಡಗಳು ನುಡಿಸಿದವು. ಪೋಸ್ಟರ್ ಇಲ್ಲೇ ಹಾಕಿದ್ದೆ. ‘ಖಂಡಿತ ಬರ್ತೀವಿ’ ಅಂದವರು ಬಹಳ ಜನ. ಬಂದವರು ಮೂವತ್ತು ಇರಬಹುದು. ಅದೂ ನುಡಿಸುವವರ ಮನೆಯವರು, ಮೈಕ್ ಸೆಟ್ ಹುಡುಗರು, ಛತ್ರದ ವಾಚ್‌ಮನ್ ಎಲ್ಲ ಸೇರಿ. ಕುರ್ಚಿ ಮಾತ್ರ ಮುನ್ನೂರು. ಬಿಳಿ ಬಟ್ಟೆ ತೊಡಿಸಿ ಹಿಂದೆ ಕೆಂಪು ರಿಬ್ಬನ್ ಬೇರೆ ಕಟ್ಟಿದ್ದರು. ಗಂಡಿನ ಕಡೆಯವರು ಕೈಕೊಟ್ಟ ಮದುವೆ ಮನೆ ಇದ್ದ ಹಾಗಿತ್ತು.

ಆದರೆ ಸಂಗೀತದ ವಿಷಯಕ್ಕೆ ಬಂದರೆ, ಈ ವರ್ಷ ಕೇಳಿದ್ದರಲ್ಲಿ ನೆನಪಲ್ಲಿ ಉಳಿಯುವುದು ಇದೇ. ತಂಡಗಳ ಹೆಸರು ಬರೆಯೋಣ ಅಂದರೆ ಎರಡಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ, ಒಂದು ಪ್ರತಿ ಸಲವೂ ಹೆಸರು ಬದಲಾಯಿಸುತ್ತದಂತೆ. ಹಾಗಾಗಿ ಏನು ನುಡಿಸಿದರು ಅಂತಲೇ ಹೇಳುತ್ತೇನೆ.

ಮೊದಲು ಮದುವೆ ಬ್ಯಾಂಡ್ ಸೆಟ್‌ನವರು. ಐದು ಜನ, ಎಲ್ಲರೂ ಅರವತ್ತು ದಾಟಿದವರು. ಕೆಂಪು ಕೋಟು, ಭುಜದ ಮೇಲೆ ಹಳದಿ ಜರಿ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಇಲ್ಲ, ಅದಕ್ಕೇ ಸಿಕ್ಕರು. ಮೆರವಣಿಗೆಯಲ್ಲಿ ನುಡಿಸುವ ಸಿನಿಮಾ ಹಾಡು ಒಂದೂ ಇರಲಿಲ್ಲ. ಎಲ್ಲ ಕ್ಲಾರಿನೆಟ್ ಅಜ್ಜ ತಾವೇ ಕಟ್ಟಿದ ಟ್ಯೂನ್‌ಗಳು. ಒಂದಂತೂ ಮೋಹನ ರಾಗದಲ್ಲಿ ಹೊರಟು, ನಡುವೆ ಮಿಲಿಟರಿ ಮಾರ್ಚ್ ಆಗಿ, ಕೊನೆಗೆ ಏನೂ ಆಗಿಲ್ಲ ಅನ್ನುವ ಹಾಗೆ ಮೋಹನಕ್ಕೇ ಬಂದು ಕೂತಿತು. ಅವರಿಗೆ ಒಂದೇ ಕಡೆ ನಿಂತು ನುಡಿಸಿ ಅಭ್ಯಾಸ ಇಲ್ಲ. ವೇದಿಕೆ ಮೇಲೇ ಆ ತುದಿಯಿಂದ ಈ ತುದಿಗೆ ನಡೆಯುತ್ತಾ ನುಡಿಸಿದರು. ಮೈಕ್ ಹುಡುಗ ಮೈಕ್ ಹಿಡಿದು ಹಿಂದೆ ಹಿಂದೆ ಓಡಾಡಿದ.

ಎರಡನೆಯದು ಮಂಡ್ಯ ಕಡೆಯ ಮೂವರು. ಒಂದು ತಮಟೆ, ಒಂದು ಬೇಸ್ ಗಿಟಾರ್, ಒಬ್ಬ ಕೂಗುವವನು. ಹಾಡುವವನಲ್ಲ, ಕೂಗುವವನೇ. ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವುದನ್ನೇ ಹಾಡು ಮಾಡಿದ್ದಾರೆ. ಅಚ್ಚು, ಉಂಡೆ, ಕುರಿಕಟ್ಟು ಅಂತ ಒಂದೊಂದು ಬೆಲ್ಲಕ್ಕೂ ಒಂದೊಂದು ತಮಟೆ ಪೆಟ್ಟು. ರೇಟು ಏರಿದ ಹಾಗೆ ಬೇಸ್ ಮೇಲಕ್ಕೆ, ಬಿದ್ದರೆ ಕೆಳಕ್ಕೆ. ಕೊನೆಗೆ ರೇಟು ಎಲ್ಲಿಗೆ ಬಿತ್ತು ಅಂದರೆ ಗಿಟಾರ್‌ನ ತಂತಿಯನ್ನೇ ಸಡಿಲ ಮಾಡಿಬಿಟ್ಟ.

ಮೂರನೆಯದು ಇಬ್ಬರು ಕಾಲೇಜು ಹುಡುಗಿಯರು. ಕೀಬೋರ್ಡ್, ಜೊತೆಗೆ ಸದ್ದನ್ನು ಹಿಡಿದು ಸುತ್ತಿಸುವ ಲೂಪ್ ಪೆಡಲ್. ಪಿ.ಜಿ. ಓನರ್ ಆಂಟಿಯ ರೂಲ್ಸ್ ಮೇಲೆ ಪೂರ್ತಿ ಒಂದು ಹಾಡು. ‘ಗೀಸರ್ ಆರರಿಂದ ಏಳು’ ಅನ್ನುವುದೇ ಪಲ್ಲವಿ.

ಕೊನೆಯದು ಗಮಕಕ್ಕೆ, ಅಂದರೆ ರಾಗವಾಗಿ ಕಾವ್ಯ ಓದುವುದಕ್ಕೆ, ಮೆಟಲ್ ರಾಕ್. ಒಬ್ಬ ಪಂಚೆ ಉಟ್ಟು ಕುಮಾರವ್ಯಾಸನನ್ನು ಓದುತ್ತಾನೆ, ಹಿಂದೆ ಡಿಸ್ಟಾರ್ಶನ್ ಗಿಟಾರ್, ಎರಡೂ ಕಾಲಲ್ಲಿ ಹೊಡೆಯುವ ಡಬಲ್ ಪೆಡಲ್ ಡ್ರಮ್ಸ್. ಇದರ ಬಗ್ಗೆ ಆಮೇಲೆ ಬರೆಯುತ್ತೇನೆ, ಬಹಳ ಇದೆ.

ಈಗ ಹೇಳಿ. ಯಾಕೆ ಯಾರೂ ಬರಲಿಲ್ಲ? ಬೈಯಲು ಕೇಳುತ್ತಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು.

ಚುರುಮುರಿ | ಶನಿವಾರ, ಬೆಳಗ್ಗೆ 9:41

ಆಷಾಢ ಶುಕ್ರವಾರ ಇಟ್ಟ ಪುಣ್ಯಾತ್ಮರು ಯಾರು? ಆವತ್ತು ಮೈಸೂರಿನ ಜನ ಎರಡೇ ಕಡೆ ಸಿಗುವುದು. ಚಾಮುಂಡಿ ಬೆಟ್ಟದ ಕ್ಯೂನಲ್ಲಿ, ಇಲ್ಲ ಬೀದಿ ಬೀದಿಯಲ್ಲಿ ಪ್ರಸಾದ ಹಂಚುವ ಕಡೆ. ನಾನು ಎರಡನೆಯ ಕಡೆ ಇದ್ದೆ. ಬಿಸಿಬೇಳೆಬಾತ್ ಚೆನ್ನಾಗಿತ್ತು.

ಕೆರೆ_ಏರಿ | ಶನಿವಾರ, ಬೆಳಗ್ಗೆ 9:50

ಆಷಾಢ ಆಗಿದ್ದಕ್ಕೇ ಹಾಲ್ ಕಮ್ಮಿಗೆ ಸಿಕ್ಕಿದ್ದು ಸ್ವಾಮಿ. ಬೇರೆ ತಿಂಗಳಲ್ಲಿ ಛತ್ರದ ಬಾಡಿಗೆ ಕೇಳಿ ನೋಡಿ. ಬ್ಯಾಂಡ್ ಸೆಟ್‌ನವರೂ ತಮಟೆಯವರೂ ಬಿಡುವಾಗಿ ಸಿಗುವುದು ಇದೊಂದೇ ತಿಂಗಳು. ಶುಕ್ರವಾರ ಬೇಡವಿತ್ತು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬೆಟ್ಟಕ್ಕೆ ಹೋಗುವವರು ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗಿ ಬರುತ್ತಾರೆ. ಸಂಜೆ ಆರೂವರೆಗೆ ಏನು ಕಷ್ಟ?

ಚುರುಮುರಿ | ಶನಿವಾರ, ಬೆಳಗ್ಗೆ 9:52

ಮೂರಕ್ಕೆ ಎದ್ದವರು ಸಂಜೆ ಆರೂವರೆಗೆ ಮಲಗಿರುತ್ತಾರೆ.

ನಾಲ್ಕು_ಲೇನ್ | ಶನಿವಾರ, ಬೆಳಗ್ಗೆ 10:15

ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಮೈಸೂರಿನವರಿಗೆ ಹೊಸ ಹಾಡು ಬೇಡ, ಗೊತ್ತಿರುವ ಹಾಡು ಬೇಕು. 2024ರಲ್ಲಿ ಯುವ ದಸರಾ ಮಹಾರಾಜ ಕಾಲೇಜು ಮೈದಾನ ಬಿಟ್ಟು ಉತ್ತನಹಳ್ಳಿಗೆ ಹೋಯಿತು. ಅಷ್ಟು ದೂರ ಆದರೂ ಜನ ಹೋಗಲಿಲ್ಲವಾ? ರೆಹಮಾನ್, ಇಳಯರಾಜ, ಶ್ರೇಯಾ ಘೋಷಾಲ್ ಅಂದರೆ ದೂರ ಲೆಕ್ಕಕ್ಕಿಲ್ಲ. ನಾನಂತೂ ಈಗ ಲೈವ್ ಕೇಳಬೇಕು ಅನ್ನಿಸಿದರೆ ಬೆಂಗಳೂರಿಗೇ ಹೋಗುತ್ತೇನೆ. 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ಇದೆ, ಸಂಜೆ ಹೊರಟರೆ ಷೋ ಹೊತ್ತಿಗೆ ಅಲ್ಲಿರಬಹುದು.

ಮಂಡ್ಯ_ಬೆಲ್ಲ | ಶನಿವಾರ, ಬೆಳಗ್ಗೆ 10:48

ನಿಮಗೆ ಕಾರು ಇದೆ ಅಣ್ಣ, ಎಕ್ಸ್‌ಪ್ರೆಸ್‌ವೇ ನಿಮ್ಮದು. 2023ರ ಆಗಸ್ಟ್‌ನಿಂದ ಅದರ ಮೇಲೆ ಬೈಕು ಬಿಡುವುದಿಲ್ಲ. ನಾವು ನಿನ್ನೆ ಎರಡು ಬೈಕಲ್ಲಿ ಸರ್ವೀಸ್ ರೋಡಲ್ಲೇ ಬಂದೆವು. ಆಂಪ್ಲಿಫೈಯರ್ ನನ್ನ ತೊಡೆ ಮೇಲೆ. ತಮಟೆಗೆ ಗೊಬ್ಬರದ ಚೀಲ ಸುತ್ತಿದ್ದೆವು, ಶ್ರೀರಂಗಪಟ್ಟಣದ ಹತ್ತಿರ ಮಳೆ ಹಿಡಿಯಿತು.

ಹೌದು, ಬೆಲ್ಲದ ಹರಾಜು ಕೂಗಿದವನು ನಾನೇ. ನಮ್ಮಪ್ಪ ಮಂಡಿಗೆ ಗಾಡಿ ಹೊಡೆಯುತ್ತಿದ್ದವರು. ಕೂಗುವವರ ಧಾಟಿ ಚಿಕ್ಕಂದಿನಿಂದ ಕಿವಿಯಲ್ಲಿದೆ. ರೇಟು ಬಿದ್ದಾಗ ತಂತಿ ಸಡಿಲ ಮಾಡುವ ಐಡಿಯಾ ಬೇಸ್ ನುಡಿಸುವ ಹುಡುಗನದು, ಅವನು ಕಬ್ಬು ಬೆಳೆಯುವವರ ಮಗ. ಆ ಜಾಗ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ‘ಅಯ್ಯೋ’ ಅಂದರು. ಮುನ್ನೂರು ಜನ ಇದ್ದಿದ್ದರೆ ಅದು ನನಗೆ ಕೇಳಿಸುತ್ತಿರಲಿಲ್ಲ.

ಒಂದು ಕಷ್ಟ ಮಾತ್ರ ಹೇಳಲೇಬೇಕು. ಮಳೆಗೆ ತಮಟೆ ಚರ್ಮ ತಂಪು ಹಿಡಿದು ಸದ್ದು ಮಂಕಾಗಿತ್ತು. ಕಾಯಿಸಬೇಕು. ಹಾಲ್ ಒಳಗೆ ಬೆಂಕಿ ಹಾಕುವ ಹಾಗಿಲ್ಲ, ನ್ಯಾಯವೇ. ಕೆಳಗೆ ಇಳಿದು ಪಾರ್ಕಿಂಗ್‌ನಲ್ಲಿ ಹಳೇ ಪೇಪರ್ ಉರಿಸಿ ಕಾಯಿಸಿಕೊಂಡು ಮೇಲೆ ಬರುವಷ್ಟರಲ್ಲಿ ಅರ್ಧ ಹುರುಪು ಮೆಟ್ಟಿಲ ಮೇಲೇ ಹೋಗಿತ್ತು. ಫೈಬರ್ ತಮಟೆ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದು ಮಳೆಗೆ ಹೆದರಲ್ಲ, ನಿಜ. ಆದರೆ ಚರ್ಮದ ಗುಡುಗು ಅದರಲ್ಲಿ ಬರಲ್ಲ, ಬರೀ ಟಣ್ ಟಣ್ ಅನ್ನುತ್ತೆ.

ಸೌಂಡ್_ಬಾಕ್ಸ್ | ಶನಿವಾರ, ಮಧ್ಯಾಹ್ನ 12:30

ಮೈಕ್ ಸೆಟ್ ನಮ್ಮದೇ. ಕ್ಲಾರಿನೆಟ್ ಅಜ್ಜನ ಹಿಂದೆ ಓಡಿದ್ದು ನಮ್ಮ ಹುಡುಗ. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ.

ತಂಪು ಒಂದೇ ಕಾರಣ ಅಲ್ಲ ಮಂಡ್ಯ ಅಣ್ಣ. ಹಾಲ್ ನೋಡಿ. ನೆಲ ಗ್ರಾನೈಟ್, ಎರಡು ಕಡೆ ಗಾಜಿನ ಕಿಟಕಿ, ಮೇಲೆ ಪ್ಲಾಸ್ಟರ್ ಸೀಲಿಂಗ್. ಹಾಲ್‌ನ ಉದ್ದ ಎಂಬತ್ತು ಅಡಿ ಇದೆ. ವೇದಿಕೆಯಿಂದ ಹೊರಟ ಸದ್ದು ಹಿಂದಿನ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಅಷ್ಟು ತಡವಾಗಿ ಬಂದರೆ ಕಿವಿಗೆ ಅದು ಬೇರೆ ಪೆಟ್ಟಾಗಿಯೇ ಕೇಳಿಸುತ್ತೆ. ನೀವು ಒಂದು ಪೆಟ್ಟು ಹೊಡೆದರೆ ಮುಂದಿನ ಸಾಲಿಗೆ ಎರಡು ಕೇಳಿಸಿತು. ಅದೇ ಹಾಲ್‌ನಲ್ಲಿ ಮುನ್ನೂರು ಜನ ಕೂತಿದ್ದರೆ ಈ ತೊಂದರೆ ಇರಲ್ಲ. ಜನರ ಮೈ, ಬಟ್ಟೆ, ತಲೆಕೂದಲು ಎಲ್ಲವೂ ಸದ್ದು ಹೀರುತ್ತವೆ. ಮದುವೆ ದಿನ ಅಲ್ಲಿ ನಾದಸ್ವರ ಚೆನ್ನಾಗೇ ಕೇಳಿಸುತ್ತೆ. ಖಾಲಿ ಪ್ಲಾಸ್ಟಿಕ್ ಕುರ್ಚಿ ಏನನ್ನೂ ಹೀರಲ್ಲ.

ಏಳು ಗಂಟೆಗೇ ನಾನು ಆಯೋಜಕರಿಗೆ ಒಂದು ಮಾತು ಹೇಳಿದೆ. ಹಿಂದಿನ ಇನ್ನೂರು ಕುರ್ಚಿ ತೆಗೆದು ಜೋಡಿಸಿ, ಛತ್ರದ ಪರದೆ ಎಲ್ಲ ತಂದು ಅರ್ಧಕ್ಕೆ ಅಡ್ಡ ಕಟ್ಟಿ, ಇದ್ದವರನ್ನು ಮುಂದೆ ಜಮಖಾನದ ಮೇಲೆ ಕೂರಿಸಿ ಅಂತ. ‘ಜನ ಇನ್ನೂ ಬರ್ತಾರೆ, ತಡೀರಿ’ ಅಂದರು. ಪಾಪ, ಅವರ ಆಸೆ ಅವರಿಗೆ.

ಒಂಟಿಕೊಪ್ಪಲ್ | ಶನಿವಾರ, ಮಧ್ಯಾಹ್ನ 1:10

ಹಾಲ್‌ಗೆ ಜನ ಬರಲ್ಲ ಅಂದರೆ ಜನ ಇರುವ ಕಡೆ ನೀವು ಹೋಗಬೇಕಪ್ಪ. ನಮ್ಮ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣೇಶೋತ್ಸವ ನೋಡಿ. ರಸ್ತೆಯಲ್ಲೇ ಪೆಂಡಾಲ್. ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಕೂತು ಹಾಡಿದ್ದಾರೆ. ಕಚೇರಿ ಅಂದರೆ ಏನು ಅಂತ ಗೊತ್ತಿಲ್ಲದವನೂ ತರಕಾರಿ ಚೀಲ ಹಿಡಿದು ನಿಂತು ಒಂದು ಪಲ್ಲವಿ ಕೇಳಿ ಹೋಗುತ್ತಾನೆ. ಊರ ತುಂಬ ಪೆಂಡಾಲ್ ಇರುತ್ತವೆ. ಒಂದೊಂದು ಕಡೆ ಒಂದು ಗಂಟೆ ಕೇಳಿ. ಮೈಕ್ ಇರುತ್ತೆ, ಲೈಟ್ ಇರುತ್ತೆ, ಜನ ಇರುತ್ತಾರೆ, ಊಟವೂ ಹಾಕುತ್ತಾರೆ.

ಮಂಡ್ಯ_ಬೆಲ್ಲ | ಶನಿವಾರ, ಮಧ್ಯಾಹ್ನ 1:26

ಪೆಂಡಾಲ್‌ಗೆ ಹೋಗಿ ಬಂದಿದ್ದೇವೆ ಸಾರ್. ಎಂಟನೇ ಕ್ರಾಸ್ ಮಾತು ಬೇರೆ, ಅಲ್ಲಿ ಕೇಳುವವರಿಗೆ ಕೇಳುವ ಅಭ್ಯಾಸ ಇದೆ. ನಮ್ಮ ಕಡೆ ಪೆಂಡಾಲ್‌ನಲ್ಲಿ ಮೊದಲನೇ ಹಾಡು ಮುಗಿಯುವಷ್ಟರಲ್ಲಿ ಚೀಟಿ ಬರಲು ಶುರು. ಅದರೊಳಗೆ ಐವತ್ತರ ನೋಟು ಮಡಿಸಿಟ್ಟು, ಬೇಕಾದ ಸಿನಿಮಾ ಹಾಡಿನ ಹೆಸರು ಬರೆದಿರುತ್ತಾರೆ. ನೋಟು ವಾಪಸ್ ಕೊಟ್ಟರೆ ಅವಮಾನ ಆಯಿತು ಅಂತ ಜಗಳ. ಇಟ್ಟುಕೊಂಡರೆ ಹಾಡಬೇಕು. ಕೊನೆಗೆ ಬೆಲ್ಲದ ಹಾಡು ಬಿಟ್ಟು ನಾವು ತಮಟೆಯಲ್ಲಿ ಡ್ಯಾನ್ಸ್ ಪೆಟ್ಟು ಹೊಡೆದು ಬಂದೆವು. ಜನ ಖುಷಿಯಾಗಿ ಕುಣಿದರು. ನಾವೂ ಖುಷಿಯಾಗೇ ಬಂದೆವು ಅನ್ನಿ. ಆದರೆ ಅದಕ್ಕೆ ಈ ತಂಡ ಯಾಕೆ ಬೇಕು?

ಒಂಟಿಕೊಪ್ಪಲ್ | ಶನಿವಾರ, ಮಧ್ಯಾಹ್ನ 1:33

ಎರಡು ಅವರ ಹಾಡು, ಒಂದು ನಿಮ್ಮದು. ಹಾಗೆ ಒಗ್ಗಿಸಬೇಕು. ಮೈಸೂರು ಅನಂತಸ್ವಾಮಿ ಅವರು ಕವಿತೆಗಳಿಗೆ ರಾಗ ಹಾಕಿ ಊರೂರು ಸುತ್ತಿ ಹಾಡಿದ್ದಕ್ಕೇ ಅಲ್ವಾ ಆ ಹಾಡುಗಳು ಮನೆ ಮನೆಗೂ ಬಂದಿದ್ದು?

ಗೀಸರ್_6_7 | ಶನಿವಾರ, ಮಧ್ಯಾಹ್ನ 2:05

ಕೀಬೋರ್ಡ್ ಹುಡುಗಿಯರಲ್ಲಿ ಒಬ್ಬಳು ನಾನು. ಅಂಕಲ್, ನಿಮ್ಮ ಮಾತು ಸರಿ, ಆದರೆ ನಮ್ಮ ಹಾಡು ಬೀದಿಯಲ್ಲಿ ನಿಲ್ಲಲ್ಲ. ಕುಕ್ಕರ್ ಸೀಟಿಯನ್ನು ನಿಧಾನ ಮಾಡಿ, ಅದರ ಮೇಲೆ ಸಿಟಿ ಬಸ್ ಕಂಡಕ್ಟರ್ ಸೀಟಿ ಹಾಕಿ, ಅದರ ಮೇಲೆ ಪಿಸುಮಾತಲ್ಲಿ ಹಾಡುತ್ತೇವೆ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ಏನು ಕೇಳಿಸುತ್ತೆ? ನಿನ್ನೆ ಮುಂದೆ ಕೂತಿದ್ದ ಅಜ್ಜಿ ಒಬ್ಬರು ಮೂರನೇ ಸೀಟಿಗೆ ಗ್ಯಾಸ್ ಆಫ್ ಮಾಡುವ ಹಾಗೆ ಕೈ ತಿರುಗಿಸಿದರು. ನಾವಿಬ್ಬರೂ ನಕ್ಕುಬಿಟ್ಟೆವು. ಲೂಪ್‌ನಲ್ಲಿ ನಮ್ಮ ನಗುವೂ ಸೇರಿಕೊಂಡು ಕೊನೆಯವರೆಗೂ ಸುತ್ತುತ್ತಲೇ ಇತ್ತು.

ನಾಲ್ಕು_ಲೇನ್ | ಶನಿವಾರ, ಮಧ್ಯಾಹ್ನ 2:40

ರಘು ದೀಕ್ಷಿತ್ ಕೂಡ ಮೈಸೂರಲ್ಲೇ ಓದಿದವರು. ಅಂತರಾಗ್ನಿ ಅಂತ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಹಾಡಿ, 2008ರಲ್ಲಿ ಮೊದಲ ಆಲ್ಬಮ್ ಬಂತು. ಕಷ್ಟಪಟ್ಟರೆ ಜನ ಬಂದೇ ಬರುತ್ತಾರೆ.

ಗೀಸರ್_6_7 | ಶನಿವಾರ, ಮಧ್ಯಾಹ್ನ 2:44

ಕ್ಲಾರಿನೆಟ್ ತಾತನಿಗೆ ಹೇಳಿ ನೋಡಿ. ಅವರಿಗೆ ಆಲ್ಬಮ್ ಬೇಡ, ಆಷಾಢ ಕಳೆಯಬೇಕು ಅಷ್ಟೆ.

ಕೆರೆ_ಏರಿ | ಶನಿವಾರ, ಸಂಜೆ 4:30

ಗಮಕ-ಮೆಟಲ್ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಗದಾಪರ್ವ ತೆಗೆದುಕೊಂಡಿದ್ದರು. ದುರ್ಯೋಧನ ಕೊಳದೊಳಗೆ ಅಡಗಿದ್ದಾನೆ, ಮೇಲೆ ನಿಂತು ಭೀಮ ಹಂಗಿಸುತ್ತಿದ್ದಾನೆ. ಅಲ್ಲಿಯವರೆಗೂ ಗಿಟಾರ್ ಒಂದೇ ಸ್ವರ ಹಿಡಿದು ಗುಂಯ್ ಅನ್ನುತ್ತಿತ್ತು. ಡ್ರಮ್ಸ್ ಸುಮ್ಮನಿತ್ತು. ದುರ್ಯೋಧನ ನೀರು ಕೊಡವಿಕೊಂಡು ಎದ್ದು ಬಂದನಲ್ಲ, ಆಗ ಡಬಲ್ ಪೆಡಲ್ ಶುರುವಾಯಿತು. ಕಿಟಕಿ ಗಾಜು ಅದುರಿತು. ಈ ಪರ್ವ ನಾನು ಕೇಳದ್ದೇನಲ್ಲ. ಆದರೆ ದುರ್ಯೋಧನ ಇಷ್ಟು ಭಾರದ ಮನುಷ್ಯ ಅಂತ ನಿನ್ನೆಯೇ ಅನ್ನಿಸಿದ್ದು.

ಬೇಜಾರು ಏನಪ್ಪ ಅಂದರೆ, ಭೀಮ ಗದೆ ಎತ್ತುವ ಹೊತ್ತಿಗೆ ಹಾಲ್‌ನವರು ಮೇನ್ ಸ್ವಿಚ್ ಆಫ್ ಮಾಡಿದರು. ಗಂಟೆ ಒಂಬತ್ತು ನಲವತ್ತೈದು. ‘ಹತ್ತು ಗಂಟೆ ರೂಲ್ಸ್’ ಅಂದರು.

ಸೌಂಡ್_ಬಾಕ್ಸ್ | ಶನಿವಾರ, ಸಂಜೆ 4:52

ರೂಲ್ಸ್ ಇದೆ. 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಮುಚ್ಚಿದ ಸಭಾಂಗಣಕ್ಕೆ, ಸಮುದಾಯ ಭವನಕ್ಕೆ ವಿನಾಯಿತಿ ಇದೆ ಅಂತ ಆಯೋಜಕರು ವಾದ ಮಾಡಿದರು. ಇದೆ, ಆದರೆ ಸದ್ದು ಒಳಗೇ ಇರಬೇಕು. ನಿನ್ನೆ ಸೆಕೆಗೆ ಕಿಟಕಿ ಎಲ್ಲ ತೆರೆದಿದ್ದೆವು. ಅದನ್ನು ಮುಚ್ಚಿದ ಹಾಲ್ ಅಂತ ಯಾರು ಒಪ್ಪುತ್ತಾರೆ? ವಸತಿ ಪ್ರದೇಶಕ್ಕೆ ರಾತ್ರಿ ಮಿತಿ 45 ಡೆಸಿಬೆಲ್. ಇಬ್ಬರು ಮೆತ್ತಗೆ ಮಾತಾಡಿಕೊಂಡರೂ ಅದನ್ನು ದಾಟುತ್ತೆ, ಡಬಲ್ ಪೆಡಲ್ ಕಥೆ ಬಿಡಿ.

ಆದರೆ ಹದಿನೈದು ನಿಮಿಷ ಮೊದಲೇ ಆಫ್ ಮಾಡಿದ್ದು, ಅದೂ ಹೇಳದೆ ಕೇಳದೆ, ಸರಿಯಲ್ಲ. ಸಿಸ್ಟಂ ಓಡುತ್ತಿರುವಾಗ ಕರೆಂಟ್ ತೆಗೆದರೆ ಸ್ಪೀಕರ್‌ನಲ್ಲಿ ಢಬ್ ಅನ್ನುತ್ತಲ್ಲ, ಅದಕ್ಕೆ ಟ್ವೀಟರ್ ಸುಟ್ಟರೆ ಯಾರು ಕೊಡುತ್ತಾರೆ?

ಗಮಕ_ಪ್ರಿಯೆ | ಶನಿವಾರ, ಸಂಜೆ 6:15

ಕುಕ್ಕರ್ ಆಫ್ ಮಾಡಿದ ಅಜ್ಜಿ ನಾನೇ ಕಣಮ್ಮ. ಅಭ್ಯಾಸ ಬಲ.

ನಾನು ಗಮಕ ಕಲಿತವಳು, ಮಕ್ಕಳಿಗೆ ಹೇಳಿಕೊಟ್ಟವಳು. ಓದಿದ ಹುಡುಗನ ಉಚ್ಚಾರಣೆ ಚೊಕ್ಕ, ಅದಕ್ಕೆ ಪೂರ್ತಿ ಅಂಕ. ಆದರೆ ಒಂದು ಆಕ್ಷೇಪ ಇದೆ. ಗಮಕದಲ್ಲಿ ರಾಗ ಉಂಟು, ತಾಳದ ಕಟ್ಟು ಇಲ್ಲ. ಅರ್ಥ ನೋಡಿ ಪದ ಒಡೆಯುತ್ತೇವೆ. ಬೇಕಾದ ಕಡೆ ನಿಲ್ಲುತ್ತೇವೆ. ಕೇಳುವವರ ಮುಖ ನೋಡಿ ಒಂದು ಸಾಲನ್ನು ಇನ್ನೊಮ್ಮೆ ಹೇಳುತ್ತೇವೆ. ಡ್ರಮ್ಸ್ ಹಾಕಿದರೆ ಅದೆಲ್ಲ ಎಲ್ಲಿ ಸಾಧ್ಯ? ಹುಡುಗ ಡ್ರಮ್ಸ್ ಹಿಂದೆ ಓಡುತ್ತಿದ್ದ. ಮೂರನೇ ಸಾಲು ಮುಗಿದ ಮೇಲೆ ಗಮಕಿ ಉಸಿರು ತಗೊಳ್ಳುವ ಜಾಗ ಇದೆ. ಆ ಜಾಗವನ್ನೇ ಡ್ರಮ್ಸ್‌ನವನು ಢಣಾ ಢಣಾ ಅಂತ ತುಂಬಿಬಿಟ್ಟ.

ಏಳರ_ಲೆಕ್ಕ | ಶನಿವಾರ, ಸಂಜೆ 7:02

ಢಣಾ ಢಣಾ ನಾನೇ ಮೇಡಂ. ನಮಸ್ಕಾರ.

ನಮ್ಮ ಲೆಕ್ಕ ಹೇಳುತ್ತೇನೆ, ನೀವು ತಿದ್ದಿ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ, ಅಂದರೆ ಅಕ್ಷರ ಹೇಳುವ ಕಾಲದ ಲೆಕ್ಕ, ನಡೆಯುತ್ತೆ. ಮೂರು ಕೂಡಿಸು ನಾಲ್ಕು, ಏಳು. ನಮಗೆ ಅದು ನೇರ ಮಿಶ್ರಛಾಪು, ಏಳೆಣಿಕೆಯ ತಾಳ. ಮೆಟಲ್‌ನಲ್ಲಿ ಏಳರ ಲೆಕ್ಕದ ಹಾಡು ಎಷ್ಟೋ ಇವೆ, ಅದಕ್ಕೇ ಈ ಎರಡನ್ನು ಸೇರಿಸುವ ಯೋಚನೆ ಬಂದದ್ದು. ಒಂದನೇ ಸಾಲು ಹದಿನಾಲ್ಕು ಮಾತ್ರೆ, ಎರಡನೇ ಸಾಲು ಹದಿನಾಲ್ಕು. ಅಲ್ಲಿಗೆ ಏಳರ ನಾಲ್ಕು ಸುತ್ತು ಸರಿಯಾಗಿ ಆಯಿತು. ಮೂರನೇ ಸಾಲು ಇಪ್ಪತ್ತಮೂರು. ಏಳರ ಮೂರು ಸುತ್ತು ಆದ ಮೇಲೆ ಕೊನೆಗೆ ಒಂದು ಗುರು, ಎರಡು ಮಾತ್ರೆ. ಏಳು ತುಂಬಲು ಇನ್ನೂ ಐದು ಬೇಕು. ಆ ಐದು ಖಾಲಿ. ತಾಲೀಮಿನಲ್ಲಿ ಆ ಐದನ್ನು ಬಿಟ್ಟು ಮುಂದಿನ ಸಾಲಿಗೆ ಹಾರಿದರೆ ಗಿಟಾರ್ ಒಂದು ದಾರಿ, ಓದುವವನು ಒಂದು ದಾರಿ. ಅದಕ್ಕೇ ಐದರ ಒಂದು ಪೆಟ್ಟು ಕಟ್ಟಿದೆ. ತುಂಬಿದ್ದು ಜಂಬಕ್ಕಲ್ಲ, ಎಲ್ಲರೂ ಒಟ್ಟಿಗೆ ಇಳಿಯಲಿ ಅಂತ.

ಗಮಕ_ಪ್ರಿಯೆ | ಶನಿವಾರ, ಸಂಜೆ 7:20

ಲೆಕ್ಕ ಸರಿ ಇದೆಯಪ್ಪ. ಛಂದಸ್ಸು ಯಾರ ಹತ್ತಿರ ಕಲಿತೆ?

ಆದರೂ ಹೇಳುತ್ತೇನೆ. ಐದು ಮಾತ್ರೆ ಖಾಲಿ ಇದೆ ಅಂದೆಯಲ್ಲ, ಅದು ಖಾಲಿ ಅಲ್ಲ. ಕೇಳುವವರು ಆ ಸಾಲಿನ ಅರ್ಥ ನುಂಗುವ ಹೊತ್ತು ಅದು. ನೀನು ಐದನ್ನೂ ತುಂಬಬೇಡ. ಮೊದಲ ಮೂರು ಬಿಡು, ಕೊನೆಯ ಎರಡರಲ್ಲಿ ಹೊಡೆದು ಓದುವವನನ್ನು ಕರೆದುಕೊ. ಮೂರನೇ ಸಾಲು, ಆರನೇ ಸಾಲು ಎರಡಕ್ಕೂ ಹಾಗೇ ಮಾಡಿ ನೋಡು.

ಏಳರ_ಲೆಕ್ಕ | ಶನಿವಾರ, ರಾತ್ರಿ 9:38

ಈಗಷ್ಟೇ ಮನೆಯಲ್ಲಿ ದಿಂಬಿನ ಮೇಲೆ ಹೊಡೆದು ನೋಡಿದೆವು. ಓದುವವನು ‘ಅಬ್ಬಾ, ಉಸಿರು ಬಂತು’ ಅಂದ. ಹೀಗೇ ಇಟ್ಟುಕೊಳ್ಳುತ್ತೇವೆ ಮೇಡಂ.

ಹಳೇ_ರೆಕಾರ್ಡ್ | ಭಾನುವಾರ, ಬೆಳಗ್ಗೆ 7:45

ಜನ ಕಮ್ಮಿ ಅಂತ ಇಷ್ಟು ಕೊರಗುವುದು ನನಗೆ ಅರ್ಥ ಆಗಲ್ಲ. ಮೈಸೂರಿಗೆ ಇದು ಹೊಸದೇ? ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಪಿಯಾನೊ ಸಂಗೀತಗಾರ. ವಯಸ್ಸಾಗಿ, ಕಾಯಿಲೆ ಬಿದ್ದು, ಲಂಡನ್‌ನಲ್ಲಿ ಇದ್ದ. ಅವನನ್ನು ಕೇಳುವವರೇ ಬಹಳ ಕಮ್ಮಿ ಆಗಿದ್ದರು. ಆಗ ಅವನ ಕೃತಿಗಳನ್ನು ಎಚ್.ಎಂ.ವಿ. ರೆಕಾರ್ಡ್ ಕಂಪನಿಯಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯ ಮಾತು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೆರ್ಟೊವನ್ನು, ಅಂದರೆ ಪಿಯಾನೊಗೂ ವಾದ್ಯವೃಂದಕ್ಕೂ ಸೇರಿ ಬರೆದ ಕೃತಿಯನ್ನು, ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಇವತ್ತು ಅವನ ಕೈಯಲ್ಲೇ ಅವನ ಸಂಗೀತ ಕೇಳಬೇಕು ಅಂದರೆ ಆ ರೆಕಾರ್ಡುಗಳನ್ನೇ ಹುಡುಕುತ್ತಾರೆ. ಎಷ್ಟು ಜನ ಕೇಳುತ್ತಾರೆ ಅಂತ ಮಹಾರಾಜರು ತಲೆ ಎಣಿಸಿ ಚೆಕ್ ಬರೆದಿರಲಿಲ್ಲ.

ಬ್ಯಾಂಡ್ ಸೆಟ್ ವಿಷಯ ಬಂತಲ್ಲ, ಅದಕ್ಕೂ ಒಂದು ಮಾತು. ಅರಮನೆಯಲ್ಲಿ ಕರ್ನಾಟಕ ಸಂಗೀತಕ್ಕೆ ಒಂದು ವಾದ್ಯವೃಂದ, ಇಂಗ್ಲಿಷ್ ಸಂಗೀತಕ್ಕೆ ಒಂದು ಇದ್ದವು. ಆಟೊ ಶ್ಮಿಟ್ ಅಂತ ಜರ್ಮನಿಯವರು ಬ್ಯಾಂಡ್ ಮಾಸ್ಟರ್ ಆಗಿದ್ದರು. ಈಗಲೂ ದಸರಾದಲ್ಲಿ ಪೊಲೀಸ್ ಬ್ಯಾಂಡ್ ಅರಮನೆ ಮುಂದೆ ಎರಡೂ ನುಡಿಸುತ್ತದೆ. ಮೋಹನ ನಡುವೆ ಮಾರ್ಚ್ ಆಗಿ ವಾಪಸ್ ಬಂತು ಅಂದರೆ ಆ ಅಜ್ಜನ ಕಿವಿಗೆ ಎಲ್ಲಿಂದಲೋ ಆ ಗಾಳಿ ಬಿದ್ದಿರಬೇಕು.

ಚುರುಮುರಿ | ಭಾನುವಾರ, ಬೆಳಗ್ಗೆ 8:20

ಮಹಾರಾಜರ ಚೆಕ್ ಸರಿ ಸಾರ್. ನಿನ್ನೆ ಮೊನ್ನೆ ಖರ್ಚು ಕೊಟ್ಟವರು ಯಾರು ಅಂತ ಕೇಳಿದಿರಾ?

ಕೆರೆ_ಏರಿ | ಭಾನುವಾರ, ಬೆಳಗ್ಗೆ 8:55

ಆಯೋಜಕರು ನಾಲ್ಕು ಜನ, ಎಲ್ಲರೂ ಕೆಲಸಕ್ಕೆ ಹೋಗುವ ಹುಡುಗರು. ಕೈಯಿಂದ ಹಾಕಿಕೊಂಡರು. ಪ್ರವೇಶ ಉಚಿತ, ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದರು. ಡಬ್ಬಿಯ ದುಡ್ಡು ಬ್ಯಾಂಡ್ ಸೆಟ್‌ನವರ ಆಟೋಗೆ ಸರಿಹೋಯಿತು.

ಉಚಿತ ಅನ್ನುವುದೇ ನನಗೆ ಸರಿ ಕಾಣಲ್ಲ. ರಂಗಾಯಣದಲ್ಲಿ, ಮಂಡ್ಯ ರಮೇಶ್ ಅವರ ‘ನಟನ’ ರಂಗಶಾಲೆಯಲ್ಲಿ ಟಿಕೆಟ್ ತಗೊಂಡು ನಾಟಕ ನೋಡುವ ಜನ ಈ ಊರಲ್ಲಿ ಇದ್ದಾರೆ. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಶುರು ಮಾಡಿದ ಮೇಲೆ ಒಂದು ತಲೆಮಾರಿಗೆ ಆ ಅಭ್ಯಾಸ ಆಗಿದೆ. ಟಿಕೆಟ್ ಕೈಲಿದ್ದರೆ ಮಳೆ ಬಂದರೂ ಮನುಷ್ಯ ಹೊರಡುತ್ತಾನೆ. ‘ಖಂಡಿತ ಬರ್ತೀವಿ’ ಅನ್ನುವ ಮಾತಿಗೆ ತೂಕ ಬರುವುದು ನೂರು ರೂಪಾಯಿ ಕೊಟ್ಟ ಮೇಲೆ.

ಮತ್ತೆ ಸೌಂಡ್_ಬಾಕ್ಸ್ ಹೇಳಿದ್ದನ್ನು ರಾತ್ರಿಯಿಡೀ ಯೋಚಿಸಿದೆ. ಜನ ಕಮ್ಮಿ ಇರಲಿಲ್ಲ ಕಣ್ರೀ, ಹಾಲ್ ಜಾಸ್ತಿ ಇತ್ತು. ಪಿಸುಮಾತಿನ ಹಾಡಿಗೆ, ಬೆಲ್ಲದ ‘ಅಯ್ಯೋ’ಗೆ, ಐದು ಮಾತ್ರೆಯ ಮೌನಕ್ಕೆ ಮೂವತ್ತು ಜನ ಸರಿಯಾದ ಅಳತೆ. ಅದೇ ಜನ ನಲವತ್ತು ಜನರ ಕೋಣೆಯಲ್ಲಿ ಒತ್ತಿ ಕೂತಿದ್ದರೆ ನಾನು ಇಲ್ಲಿ ‘ಹೌಸ್ ಫುಲ್’ ಅಂತ ಬರೆಯುತ್ತಿದ್ದೆ.

ಒಂಟಿಕೊಪ್ಪಲ್ | ಭಾನುವಾರ, ಬೆಳಗ್ಗೆ 9:30

ಹಾಗಂತ ನಲವತ್ತು ಜನರ ಕೋಣೆಯಲ್ಲೇ ಇದ್ದುಬಿಟ್ಟರೆ ಆ ನಲವತ್ತು ಜನ ಪ್ರತಿ ಸಲವೂ ನೀವೇ ನೀವೇ ಆಗುತ್ತೀರಿ. ನಾನು ಒಪ್ಪಲ್ಲ. ಪಿಟೀಲು ಚೌಡಯ್ಯನವರು ಏಳು ತಂತಿ ಹಾಕಿಕೊಂಡಿದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವನಿಗೂ ಕೇಳಿಸಲಿ ಅಂತ. ಹಿಂದೆ ಕೂತವನನ್ನು ಮರೆಯಬೇಡಿ.

ಚುರುಮುರಿ | ಭಾನುವಾರ, ಬೆಳಗ್ಗೆ 9:34

ಮಾತ್ರೆ ಏಳು, ತಂತಿ ಏಳು, ಗೋಡೆಯ ಸದ್ದು ಸೆಕೆಂಡಿನ ಏಳನೇ ಒಂದು ಭಾಗ, ಗೀಸರ್ ಏಳಕ್ಕೆ ಬಂದ್. ಯಾರಾದರೂ ಜ್ಯೋತಿಷಿಗಳನ್ನು ಕರೆಯಿರಿ.

ಮಂಡ್ಯ_ಬೆಲ್ಲ | ಭಾನುವಾರ, ಬೆಳಗ್ಗೆ 10:05

ಒಂಟಿಕೊಪ್ಪಲ್ ಸಾರ್ ಮಾತನ್ನೂ ತಳ್ಳಿಹಾಕಬೇಡಿ. ಗಣೇಶನ ಹಬ್ಬಕ್ಕೆ ಬ್ಯಾಂಡ್ ಸೆಟ್ ಅಜ್ಜನ ಟ್ಯೂನು ಬೀದಿಯಲ್ಲಿ ಚೆನ್ನಾಗಿ ಹೋಗುತ್ತೆ, ಅದು ಬೀದಿಯದೇ. ನಮ್ಮದು, ಹುಡುಗಿಯರದು, ಗಮಕದ್ದು ಕೋಣೆಗೆ ಇರಲಿ. ಎಲ್ಲವನ್ನೂ ಒಂದೇ ಪೋಸ್ಟರ್‌ಗೆ ಹಾಕಿದ್ದೇ ಅತಿ ಆಯಿತು. ಒಂದು ರಾತ್ರಿಗೆ ಎರಡು ತಂಡ ಸಾಕು. ಕೊನೆಯವರಿಗೆ ಭೀಮ ಗದೆ ಎತ್ತುವಷ್ಟು ಟೈಮಾದರೂ ಸಿಗುತ್ತೆ.

ಒಂಟಿಕೊಪ್ಪಲ್ | ಭಾನುವಾರ, ಬೆಳಗ್ಗೆ 10:12

ಅಜ್ಜನ ನಂಬರ್ ಮೆಸೇಜ್‌ನಲ್ಲಿ ಕಳಿಸಿ. ನಮ್ಮ ಬೀದಿಯ ಕಮಿಟಿಯವರ ಹತ್ತಿರ ಮಾತಾಡುತ್ತೇನೆ. ಚೀಟಿ ತರುವವರನ್ನು ನಾನೇ ತಡೆಯುತ್ತೇನೆ.

ಗಮಕ_ಪ್ರಿಯೆ | ಭಾನುವಾರ, ಬೆಳಗ್ಗೆ 11:00

ಕುವೆಂಪುನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ಪಾಠದ ಕೋಣೆ ಇದೆ. ಮೂವತ್ತೈದು ಜನ ಆರಾಮಾಗಿ ಕೂರಬಹುದು, ಒತ್ತಿದರೆ ನಲವತ್ತು. ನೆಲಕ್ಕೆ ಚಾಪೆ, ಗೋಡೆ ತುಂಬ ಪುಸ್ತಕ. ಬಾಡಿಗೆ ಏನೂ ಬೇಡ. ಭೀಮನ ಅಮಾವಾಸ್ಯೆಗೆ ಆಷಾಢ ಮುಗಿಯುತ್ತೆ, ಆಮೇಲೆ ಎಲ್ಲರಿಗೂ ಮದುವೆ, ಹಬ್ಬ. ಅದಕ್ಕೆ ಮೊದಲಿನ ಭಾನುವಾರ ಇಟ್ಟುಕೊಳ್ಳಿ. ಸಂಜೆ ಐದಕ್ಕೆ ಶುರು, ಎಂಟಕ್ಕೆ ಮುಗಿಸಬೇಕು. ಗದಾಪರ್ವ ಪೂರ್ತಿ ಆಗಬೇಕು.

ಸೌಂಡ್_ಬಾಕ್ಸ್ | ಭಾನುವಾರ, ಬೆಳಗ್ಗೆ 11:18

ಪುಸ್ತಕದ ಗೋಡೆ ಅಂದರೆ ನಮಗೆ ಹಬ್ಬ. ಸದ್ದು ಚದುರಿ ಹದವಾಗುತ್ತೆ. ಗಮಕಕ್ಕೆ ಒಂದು ಮೈಕ್, ಕೀಬೋರ್ಡ್‌ಗೆ ಒಂದು ಚಿಕ್ಕ ಸ್ಪೀಕರ್ ಸಾಕು. ಡ್ರಮ್ಸ್‌ಗೆ ಮೈಕೇ ಬೇಡ, ಒಳಗೆ ಒಂದು ಕಂಬಳಿ ತುರುಕಿದರೆ ಸರಿ. ಡೀಸೆಲ್ ಖರ್ಚು ಕೊಡಿ, ಬಾಡಿಗೆ ಬೇಡ. ಮೇಡಂ, ಒಂದು ಪ್ರಶ್ನೆ. ಆ ಕೋಣೆಗೆ ಬರುವ ಕರೆಂಟ್ ಲೈನ್‌ನಲ್ಲಿ ಅರ್ಥಿಂಗ್ ಸರಿ ಇದೆಯಾ? ಇಲ್ಲದಿದ್ದರೆ ಗಿಟಾರ್‌ನಲ್ಲಿ ಗುಂಯ್ ಅನ್ನುವ ಸದ್ದು ಬಿಡಲ್ಲ.

ಗಮಕ_ಪ್ರಿಯೆ | ಭಾನುವಾರ, ಬೆಳಗ್ಗೆ 11:31

ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುತ್ತೇನೆ. ಅಕ್ಕಪಕ್ಕದ ಮನೆಯವರಿಗೂ ನಾನೇ ಹೋಗಿ ಹೇಳಬೇಕು. ಭಾರತ ವಾಚನ ಅಂದರೆ ಸಂತೋಷಪಡುತ್ತಾರೆ. ಈ ಡಬಲ್ ಪೆಡಲ್ ಅನ್ನುವುದನ್ನು ಏನಂತ ಹೇಳಲಿ?

ಏಳರ_ಲೆಕ್ಕ | ಭಾನುವಾರ, ಬೆಳಗ್ಗೆ 11:40

ಏನೂ ಹೇಳಬೇಡಿ ಮೇಡಂ. ಮುಂದಿನ ಸಾಲಲ್ಲಿ ಜಾಗ ಇಟ್ಟು ಅವರನ್ನೂ ಕರೆದುಬಿಡಿ.

ಚುರುಮುರಿ | ಭಾನುವಾರ, ಬೆಳಗ್ಗೆ 11:42

ಟಿಕೆಟ್ ನನಗೊಂದು ಇಡಿ. ನೂರು ರೂಪಾಯಿ ಕಳಿಸಿದ್ದೇನೆ, ಇನ್ನು ಬರಲೇಬೇಕಲ್ಲ.